ಹಂಪಾಪುರದ ಗಾಳಿ ಹಾಸಿಗೆ

ಸಾವಿನ ಮನೆಗೆ ಲಗೇಜ್ ಆಟೋ ಮಾಡಿಕೊಂಡು ಹೋದವನು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ನಾನೊಬ್ಬನೇ ಇರಬೇಕು. ಒಂದು ಕೈಯಲ್ಲಿ ಹೂವಿನ ಹಾರವಿತ್ತು, ಇನ್ನೊಂದರಲ್ಲಿ ಹಗ್ಗ.

ಹಗ್ಗದ ಕತೆ ಹೇಳಬೇಕಾದರೆ ಅಕ್ಕನಿಂದ ಶುರು ಮಾಡಬೇಕು. ನಮ್ಮದು ಹಾರನಹಳ್ಳಿ ಹೋಬಳಿ, ಹೊಗೆಸೊಪ್ಪಿನ ಬೇಸಾಯ. ಕಾವಿನಲ್ಲಿ ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯೊಳಗೆ ಅಡ್ಡಮರಗಳ ಮೇಲೆ ಕಾಲೂರಿ, ಎರಡಾಳೆತ್ತರ ಹತ್ತಿ ಸೊಪ್ಪು ಕಟ್ಟಿದ ಕಡ್ಡಿ ಜೋಡಿಸಬೇಕು. ಗಂಡಸರ ಕೆಲಸ. ನಾನೂ ಗಂಡಸೇ, ಆದರೆ ಏಣಿಯ ಮೂರನೇ ಮೆಟ್ಟಿಲಿಗೇ ತಲೆ ಸುತ್ತುವ ಗಂಡಸು. ಎರಡು ವರ್ಷದ ಹಿಂದೆ ಆಳುಗಳು ಕೈಕೊಟ್ಟ ದಿನ, ಗಂಡ ಸತ್ತ ಮೇಲೆ ನಮ್ಮಲ್ಲೇ ಇದ್ದ ಅಕ್ಕ ಸೀರೆ ಎತ್ತಿ ಕಟ್ಟಿದಳು. "ನೀನು ಕೆಳಗೆ ನಿಂತು ಕಡ್ಡಿ ಕೊಡು. ಅಷ್ಟಾರ ಮಾಡ್ತೀಯಾ?" ಎಂದು ಹತ್ತಿದಳು. ಅಡ್ಡಮರ ಮುರಿಯಿತು. ಅಂದಿನಿಂದ ಅವಳಿಗೆ ಸೊಂಟದ ಕೆಳಗೆ ಅರಿವಿಲ್ಲ. ನಾಲಿಗೆಗೆ ಮಾತ್ರ ಏನೂ ಆಗಿಲ್ಲ.

ಮಲಗಿದವರಿರುವ ಮನೆಗಳಿಗೆ ಬೇಕಾದದ್ದನ್ನೆಲ್ಲ ಹೊಂದಿಸಿ ಬಾಗಿಲಿಗೇ ತರುತ್ತೇವೆ ಎಂದು ಈಚೆಗೆ ಒಂದು ಯೋಜನೆ ಬಂತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕಕ್ಕೂ ಸೇರಿ ಒಬ್ಬ ನರ್ಸಮ್ಮ, ಒಂದು ಸ್ಕೂಟರ್, ಒಂದು ಫೈಲು. ನರ್ಸಮ್ಮ ಬಂದಾಗಲೆಲ್ಲ ಇನ್ನಷ್ಟು ಸೊರಗಿರುತ್ತಿದ್ದಳು, ಫೈಲು ಇನ್ನಷ್ಟು ದಪ್ಪವಾಗಿರುತ್ತಿತ್ತು. ಅಕ್ಕನ ಬೆನ್ನ ಬುಡದಲ್ಲಿ ಹುಣಸೆ ಬೀಜದಷ್ಟು ಹುಣ್ಣು ಎದ್ದದ್ದನ್ನು ಮೊದಲು ನೋಡಿದವಳು ಅವಳೇ.

"ಮಲಗಿ ಮಲಗಿ ಆಗಿರೋದಿದು. ಮೋಟರಿರೋ ಗಾಳಿ ಹಾಸಿಗೆ ಬೇಕಣ್ಣ. ಇಲ್ದಿದ್ರೆ ಇದು ಮೂಳೆ ತಂಕ ಹೋಯ್ತದೆ."

ಮೈಸೂರಿಗೆ ಹೋಗಿ ಒಂದು ಕೊಂಡು ತಂದೆವು. ನಮ್ಮೂರಿನ ಕರೆಂಟು ಹೋದಾಗಲೆಲ್ಲ ಅದು ಉಸಿರು ಬಿಟ್ಟು ಮಲಗುತ್ತಿತ್ತು. ವಾರ ಕಳೆಯುವುದರೊಳಗೆ ಮೋಟರು ಸುಟ್ಟಿತು, ಉಳಿದದ್ದನ್ನು ಇಲಿ ಕಡಿಯಿತು. ಬ್ಯಾಟರಿ ಇರುವ ಗಟ್ಟಿಮುಟ್ಟಾದ ಗಾಳಿ ಹಾಸಿಗೆ ಯೋಜನೆಯವರ ಹತ್ತಿರ ಎರಡೇ ಎರಡಿದ್ದವು. ಒಂದು ಹೊಸ ಅಗ್ರಹಾರದಲ್ಲಿ ಒಬ್ಬ ಅಜ್ಜಿಯ ಕೆಳಗೆ, ಇನ್ನೊಂದು ಹಂಪಾಪುರದಲ್ಲಿ ಒಬ್ಬ ಅಜ್ಜನ ಕೆಳಗೆ.

"ಹಂಪಾಪುರದ್ದು ಬಂದ್ರೆ ನಿಮ್ಗೇ ಕೊಡೋದು," ಎಂದಳು ನರ್ಸಮ್ಮ.

"ಯಾವಾಗ ಬತ್ತದೆ?"

ಅವಳು ಫೈಲು ನೋಡಿದಳು. ನನ್ನ ಹೆಂಡತಿ ನನ್ನನ್ನು ನೋಡಿದಳು. "ಬುಡ್ತು ಅನ್ನಿ ಮೊದ್ಲು," ಎಂದಳು. ನಾನು ಬಿಡ್ತು ಎಂದೆ.

"ಆ ಮನೆ ಸೊಸೆ ನಂಬರ್ ಕೊಡ್ತೀನಿ. ನೀವ್ ನೀವೇ ಒಸಿ ಮಾತಾಡ್ಕಳಿ," ಎಂದು ನರ್ಸಮ್ಮ ಮಾತ್ರೆಯ ಡಬ್ಬಿಯ ಮೇಲೆ ಬರೆದು ಕೊಟ್ಟಳು. ನಾಲ್ಕು ತಾಲ್ಲೂಕುಗಳ ಹೊಂದಾಣಿಕೆ ಅಂದರೆ ಅಷ್ಟೇ, ಖಾಲಿ ಡಬ್ಬಿಯ ಮೇಲಿನ ಹತ್ತು ಅಂಕಿ.

ಅವತ್ತೇ ಸಂಜೆ ಫೋನ್ ಮಾಡಿದೆ. ಹಾಸಿಗೆಯ ವಿಷಯ ಎತ್ತಬೇಕು ಅಂದುಕೊಂಡಿದ್ದೆ. ಬಾಯಿಂದ ಬಂದದ್ದು, "ಅಜ್ಜ ಎಂಗವ್ರಮ್ಮಾ?"

"ಯಾರಣ್ಣ ನೀವು?"

"ನಮ್ಮನೇಲೂ ಒಬ್ರು ಮಲಗವ್ರೆ ಕಣಮ್ಮ. ಸುಮ್ನೆ ಕೇಳಾನ ಅಂತ."

ಎರಡು ತಿಂಗಳು, ದಿನಾ ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ, ಸುಮ್ಮನೆ ಕೇಳಿದೆ. ಅಜ್ಜ ಎರಡು ತುತ್ತು ಹೆಚ್ಚು ಉಂಡರೆಂದು ತಿಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಕಫ ಕಟ್ಟಿದೆ ಎಂದ ದಿನ ಅಕ್ಕನ ಹುಣ್ಣಿಗೆ ಔಷಧಿ ಹಚ್ಚುವಾಗ ನನ್ನ ಕೈ ಸ್ವಲ್ಪ ಹಗುರಾಗಿರುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಹುಣ್ಣು ಆಗಲೇ ಒಳಗೆ ಇಳಿಯುತ್ತಿತ್ತು.

"ಹೆತ್ತ ಮಕ್ಳೇ ಕೇಳಾಕಿಲ್ಲ ಕಣಣ್ಣ, ನೀವು ದಿನಾ ಕೇಳ್ತೀರಿ. ಯಾವ ಜನ್ಮದ ಋಣವೋ ಏನೋ," ಎಂದಳು ಸೊಸೆ ಒಂದು ದಿನ. ಲೌಡ್‌ಸ್ಪೀಕರಿನಲ್ಲಿ ಅಕ್ಕ ಕೇಳಿಸಿಕೊಂಡಳು.

"ಋಣ ಅಂತೆ. ಹದ್ದು ಕಣ್ಲಾ ನೀನು. ಮ್ಯಾಲೆ ಹಾರೋಕೆ ತಲೆ ಸುತ್ತೋ ಹದ್ದು. ನಿಜ ಯೋಳ್ಬುಡು ಅವ್ಳಿಗೆ."

"ಎಂಗ್ ಯೋಳ್ಲಿ? ನಿಮ್ಮ ಮಾವ ಹೋದ್ಮೇಲೆ ಅಂತ ಶುರು ಮಾಡ್ಲಾ?"

"ಹೂಂ, ಅಂಗೇ."

"ಬುಡ್ತು ಅನ್ನಿ," ಎಂದಳು ಒಳಗಿಂದ ಹೆಂಡತಿ.

ಚಿಂತೆ ಮಾಡುವುದು ನನ್ನ ಕಸುಬು. ಹಾಸಿಗೆಯನ್ನು ಯಾವ ಗೋಡೆಗೆ ಹಾಕುವುದು, ಪ್ಲಗ್ಗಿಗೆ ವೈರು ಸಾಲುತ್ತದೋ ಇಲ್ಲವೋ, ಇಲಿಗೆ ಏನು ಮಾಡುವುದು, ಎಲ್ಲದಕ್ಕೂ ಚಿಂತಿಸಿದೆ. ಚಿಂತಿಸಬೇಕಾಗಿದ್ದ ಒಂದನ್ನು ಬಿಟ್ಟೆ.

ಒಂದು ಬೆಳಿಗ್ಗೆ ಅವಳೇ ಫೋನ್ ಮಾಡಿದಳು. "ಅಣ್ಣ, ಮಾವ ಹೋಗ್ಬುಟ್ರು. ಮೂರು ಗಂಟೆಗೆ ಮಣ್ಣು. ನೀವು ಬರ್ಲೇಬೇಕು." ಅಯ್ಯೋ ಎಂದೆ. ಆ ಅಯ್ಯೋ ಮುಗಿಯುವ ಮೊದಲೇ ಬೆರಳು ಲಗೇಜ್ ಆಟೋದವನ ನಂಬರು ಹುಡುಕುತ್ತಿತ್ತು.

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ದಾಟಿ ಹಂಪಾಪುರ ಸೇರುವಾಗ ಶವ ಎತ್ತುವ ಹೊತ್ತು. "ದಿನಾ ಫೋನ್ ಮಾಡ್ತಿದ್ದೋರು ಇವ್ರೇಯ," ಎಂದು ಸೊಸೆ ತೋರಿಸಿದ್ದೇ ತಡ, ಹಿರಿಯರೊಬ್ಬರು ಕೈ ಹಿಡಿದು ಮುಂದಕ್ಕೆ ಕರೆದರು. ಗುಂಡಿಗೆ ಮಣ್ಣು ಹಾಕುವಾಗ ಹೆತ್ತ ಮಕ್ಕಳ ಪಕ್ಕದಲ್ಲೇ ನನ್ನನ್ನು ನಿಲ್ಲಿಸಿದರು. ಬದುಕಿದ್ದಾಗ ಮುಖ ನೋಡದ ಮನುಷ್ಯನಿಗೆ ಮೂರು ಹಿಡಿ ಮಣ್ಣು ಹಾಕಿದೆ. ಕಣ್ಣಲ್ಲಿ ನೀರು ಬಂತು. ಅದು ಯಾರಿಗಾಗಿ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ.

ವಾಪಸ್ಸು ಬರುವಾಗ ಕೆರೆ ಏರಿಯ ಕೆಳಗೆ ಹೊಗೆ ಕಂಡಿತು. ಪ್ಲಾಸ್ಟಿಕ್ ಸುಟ್ಟ ವಾಸನೆ. ಸತ್ತವರ ಚಾಪೆ, ದಿಂಬು, ಕಂಬಳಿಯನ್ನು ಊರಾಚೆ ಹಾಕಿ ಸುಡುವುದು ನಮ್ಮಲ್ಲೂ ಉಂಟು, ಅವರಲ್ಲೂ ಉಂಟು. ಆ ರಾಶಿಯ ನಡುವೆ ನೀಲಿಯದೇನೋ ಮುದುಡಿ ಕರಗುತ್ತಿತ್ತು. ಓಡಿದೆ.

"ಅದ್ಯಾಕೆ ಸುಟ್ರಿ?"

ಕೋಲು ಹಿಡಿದು ನಿಂತವನು ನನ್ನನ್ನು ವಿಚಿತ್ರವಾಗಿ ನೋಡಿದ. "ಸತ್ತೋರ ಹಾಸಿಗೆ ಮಡಿಕ್ಕೊಂಡು ಯಾರು ಮಲಗ್ತಾರೆ ಸಾಮಿ?"

"ನಾವು," ಎಂದೆ. ಜೋರಾಗಿಯೇ ಬಂತು.

ಆ ಮಾತು ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅಂಗಳದಲ್ಲಿದ್ದವರೆಲ್ಲ ಮೊದಲು ನನ್ನನ್ನು ನೋಡಿದರು, ಆಮೇಲೆ ಖಾಲಿ ಲಗೇಜ್ ಆಟೋವನ್ನು. ಸೊಸೆಯ ಕಣ್ಣು ಮಾತ್ರ ಆಟೋದಲ್ಲಿದ್ದ ಹಗ್ಗದ ಮೇಲೆ ನಿಂತಿತು.

"ಇದ್ಕಾ?" ಎಂದಳು. ಅಕ್ಕನ ಹುಣ್ಣಿನ ವಿಷಯ ಆಗ ಹೇಳಿದೆ. "ಎರಡ್ ತಿಂಗ್ಳು ಮಾತಾಡಿದ್ರಲ್ಲ, ಒಂದ್ ಮಾತು ಯೋಳ್ಬಾರ್ದಿತ್ತಾ? ನಮ್ಮಕ್ಕಂಗೆ ಹುಣ್ಣಾಗದೆ, ಬೇಕು ಅಂದಿದ್ರೆ ಬೆಳಿಗ್ಗೇನೇ ತೊಳ್ದು ಎತ್ತಿ ಮಡಗ್ತಿರ್ನಿಲ್ವಾ? ನಾನೇನು ಹೆಣ್ಣಲ್ವಾ, ಆ ಹುಣ್ಣು ಕಂಡಿಲ್ವಾ ನಾನು?" ಒಳಗೆ ಹೋಗಿ ಮೋಟರು, ಬ್ಯಾಟರಿ ತಂದು ನನ್ನ ಕೈಗಿಟ್ಟಳು. "ಇದ್ನಾರ ತಕ್ಕೊಂಡೋಗಿ."

ಒಂದು ಆಳು ಮಲಗುವಷ್ಟು ಜಾಗವಿದ್ದ ಆಟೋದಲ್ಲಿ ಎರಡು ಸೇರಿನಷ್ಟು ತೂಕದ ಮೋಟರು ಅತ್ತಿತ್ತ ಉರುಳಾಡುತ್ತ ಬಂತು.

ಮುಂದಿನ ಸಲ ನರ್ಸಮ್ಮ ಬಂದಾಗ ಅಂಗಳದಲ್ಲೇ ತಡೆದು ಬೈದೆ. "ಹಾಸಿಗೆ ವಾಪಸ್ ಕೊಡ್ಬೇಕು ಅಂತ ಫಾರಮ್ಮಲ್ಲಿ ಅದೆ, ಸೈನ್ ಹಾಕವ್ರೆ," ಎಂದಳು.

"ಬಾಯಲ್ಲಿ ಯೋಳಿದ್ರಾ?"

"ಉಸಿರಾಡೋ ಮನುಷ್ಯನ್ನ ಮುಂದಿಟ್ಕೊಂಡು ಎಂಗಣ್ಣ ಯೋಳೋದು? ನೀವು ಯೋಳಿದ್ರಾ?"

ಬೈಗುಳ ನಿಂತಿತು. ಸಿಟ್ಟು ನಿಲ್ಲಲಿಲ್ಲ. ಇವತ್ತಿಗೂ ನಿಂತಿಲ್ಲ. ನಾಲ್ಕು ತಾಲ್ಲೂಕಿಗೆ ಎರಡು ಹಾಸಿಗೆ ಹಂಚಿ, ಯೋಜನೆಯ ಬೋರ್ಡಿಗೆ ನಾಲ್ಕು ಬಣ್ಣ ಬಳಿದವರ ಮೇಲೆ ಸಿಟ್ಟು. ಯಾರ ಬಾಯಿಗೂ ಬಾರದ ಮಾತನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿ, ಹೇಳಿದ್ದೇವೆ ಎಂದು ಕೈ ತೊಳೆದುಕೊಂಡವರ ಮೇಲೆ ಸಿಟ್ಟು. ಬಿಡ್ತು ಬಿಡ್ತು ಎನ್ನುತ್ತ, ಬದುಕಿರುವವಳ ಹುಣ್ಣನ್ನು ಬೆಳೆಸಿದ ನಮ್ಮ ಮರ್ಯಾದೆಯ ಮೇಲೆ ಸಿಟ್ಟು. ಹೊಡೆಯೋಣವೆಂದರೆ ಕೈಗೆ ಸಿಗುವವನು ನಾನೊಬ್ಬನೇ. ಹುಣಸೆ ಬೀಜದಷ್ಟಿದ್ದ ಹುಣ್ಣಿನಲ್ಲಿ ಈಗ ನಿಂಬೆಹಣ್ಣು ಕೂರುತ್ತದೆ.

ನರ್ಸಮ್ಮನಿಂದ ಹೊಸ ಅಗ್ರಹಾರದ ನಂಬರು ಕೇಳಿ ಪಡೆದೆ. ಅಜ್ಜಿಯ ಮಗ ಫೋನ್ ಎತ್ತಿದ. ಅಕ್ಕನ ಮಂಚದ ಪಕ್ಕದಲ್ಲೇ ನಿಂತು, ಲೌಡ್‌ಸ್ಪೀಕರ್ ಹಾಕಿ, ಗೋಡೆ ಹಿಡಿದುಕೊಂಡು ಹೇಳಿದೆ.

"ನಿಮ್ಮ ತಾಯಿ ಮಲಗಿರೋ ಹಾಸಿಗೆ ನಮ್ಮಕ್ಕಂಗೆ ಬೇಕು. ಈಗಲ್ಲ. ಅವ್ರು ಇರೋಗಂಟ ಅವ್ರಿಗೇ ಇರ್ಲಿ. ಅವ್ರು ಹೋದ್ಮೇಲೆ ಸುಡ್ಬೇಡಿ. ನಾವು ಬಂದು ಎತ್ಕೊಂಡು ಹೋಗ್ತೀವಿ."

ಅವನು ನನ್ನ ಹಿಂದಿನ ಮೂರು ತಲೆಮಾರನ್ನು ಒಂದೂ ಬಿಡದೆ ಬೈದ. ಅವನ ತಾಯಿ ಪಕ್ಕದಲ್ಲೇ ಇದ್ದರೇನೋ. ಅವನ ಜಾಗದಲ್ಲಿ ನಾನಿದ್ದರೂ ಬೈಯುತ್ತಿದ್ದೆ. ಫೋನ್ ಇಟ್ಟಾಗ ಏಣಿಯ ಮೂರನೇ ಮೆಟ್ಟಿಲಲ್ಲಿ ನಿಂತ ಹಾಗೆ ತಲೆ ಸುತ್ತುತ್ತಿತ್ತು.

"ಇವತ್ತು ನೀನೂ ಹತ್ತಿದೆ ಕಣ್ಲಾ ಬ್ಯಾರನ್ನ," ಎಂದಳು ಅಕ್ಕ.

ಅವನು ಇನ್ನೂ ತಿರುಗಿ ಫೋನ್ ಮಾಡಿಲ್ಲ. ನಾಳೆ ಮತ್ತೆ ನಾನೇ ಮಾಡುತ್ತೇನೆ, ಅದೇ ಮಾತು ಹೇಳುತ್ತೇನೆ. ಅಕ್ಕನನ್ನು ಮಗ್ಗುಲು ಬದಲಿಸುವ ಹೊತ್ತಾಯಿತು. ಹೆಂಡತಿಯನ್ನು ಕರೆದೆ. ಅವಳು ಭುಜ ಹಿಡಿದಳು, ನಾನು ಸೊಂಟ ಹಿಡಿದೆ.