ತಾಹಿರಾಳ ಬೆಚ್ಚನೆಯ ನೆಲ

ಅಮೆರಿಕದ ವಾಲ್ನಟ್ ಕ್ರೀಕಿನಲ್ಲಿ ನನ್ನ ಮಗಳು ಇಂದುವಿನ ಮನೆಯ ಹಿಂದಿನ ಬೀದಿಯಲ್ಲಿ ತಾಹಿರಾ ತನ್ನ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಡೇಕೇರು ನಡೆಸುತ್ತಿದ್ದಳು. ಹುಬ್ಬಳ್ಳಿಯ ಹೆಣ್ಣು, ಸೈಕಲ್ ಅಂಗಡಿಯವರ ಮಗಳು. ನಮ್ಮ ಯಜಮಾನರು ಹೋದ ಮೇಲೆ ಇಂದುವಿನ ಬಳಿ ಬಂದ ನಾನು ಹೊತ್ತು ಕಳೆಯಲೆಂದು ಅವಳಲ್ಲಿಗೆ ಹೋಗಿ ಕೂರುತ್ತಿದ್ದೆ. ಕೂತ ಕೂಡಲೇ ಮಡಿಲಿಗೆ ಒಂದು ಮಗುವನ್ನು ಹಾಕಿ ಹೋಗುವಳು. ಮತ್ತೆ ಏಳುವ ಹಾಗೇ ಇಲ್ಲ.

ಆಗ ಇಂಟರ್ನೆಟ್ ಕಂಪನಿಗಳ ಕಾಲ. ಅಪ್ಪ ಅಮ್ಮ ಇಬ್ಬರೂ ನಸುಕಿನಲ್ಲೇ ಮಗುವನ್ನು ಇಳಿಸಿ ಫ್ರೀವೇ ಹಿಡಿಯುತ್ತಿದ್ದರು. ಮಗು ಯಾವ ದೇಶದ್ದೇ ಆಗಲಿ, ತಾಹಿರಾ ಆಡುವುದು ಹುಬ್ಬಳ್ಳಿ ಕನ್ನಡವೇ. ಒಂದು ಚೀನೀ ಕೂಸು ಮನೆಯಲ್ಲಿ ತಟ್ಟೆ ತಳ್ಳಿ "ಒಲ್ಲೆ" ಅಂದಿತಂತೆ. ಅದು ಯಾವ ತಿಂಡಿ, ಹೇಗೆ ಮಾಡುವುದು ಎಂದು ಅದರ ತಾಯಿ ಕೇಳಿಕೊಂಡು ಬಂದಿದ್ದಳು.

ಆ ಮನೆಯ ಹೆಚ್ಚುಗಾರಿಕೆಯೆಂದರೆ ನೆಲ. ಕಟ್ಟುವಾಗಲೇ ಕಾಂಕ್ರೀಟಿನೊಳಗೆ ಪೈಪು ಹೂತಿದ್ದರು. ಬಾಯ್ಲರಿನಲ್ಲಿ ಕಾದ ನೀರು ಅದರೊಳಗೆ ಸುತ್ತುತ್ತಿತ್ತು. ಚಳಿಯಲ್ಲೂ ನೆಲ ಈಗಷ್ಟೇ ಎದ್ದುಹೋದವರ ಹಾಸಿಗೆಯಂತೆ ಬೆಚ್ಚಗೆ. ಎಷ್ಟೇ ರಚ್ಚೆ ಹಿಡಿದ ಮಗುವಾದರೂ ನೆಲಕ್ಕೆ ಬಿಟ್ಟರೆ ಬೋರಲು ಬಿದ್ದು ನಿದ್ದೆಹೋಗುವುದು. ತಾಯಂದಿರು ಈ ನೆಲ ನೋಡಿಯೇ ಮಕ್ಕಳನ್ನು ಸೇರಿಸುತ್ತಿದ್ದರು.

ಒಂದು ಫೆಬ್ರವರಿಯಲ್ಲಿ ಬಾಯ್ಲರಿಗೆ ರೋಗ ಬಂತು. ಕಾದಾಗ ಒತ್ತಡದ ಮುಳ್ಳು ಕೆಂಪು ಗೆರೆ ಮುಟ್ಟುವುದು, ಅಪಾಯ ತಪ್ಪಿಸಲು ಇಟ್ಟ ನಲ್ಲಿ ಬಿಸಿನೀರು ಕಕ್ಕುವುದು. ತಣಿದಾಗ ಮುಳ್ಳು ಪೂರ್ತಿ ಮಲಗಿಬಿಡುವುದು. ರಿಪೇರಿಯವನು ಬಂದು ನೋಡಿ, ಪೈಪು ನೆಲದೊಳಗೇ ಸೋರುತ್ತಿದೆ, ಸೋಮವಾರ ಮಶೀನು ತಂದು ನೆಲ ಒಡೆಯುತ್ತೇನೆ ಎಂದು ಹೇಳಿ ಹೋದ. ನೆಲ ಒಡೆದರೆ ಡೇಕೇರು ತಿಂಗಳುಗಟ್ಟಲೆ ಮುಚ್ಚಬೇಕು. ಬೇರೆ ಕಡೆ ಸೇರಿದ ಮಕ್ಕಳು ತಿರುಗಿ ಬರುವುದುಂಟೇ?

ತಾಹಿರಾ ಗಂಡನ ಮೇಲೆ ಹರಿಹಾಯ್ದಳು. "ದಿನಾ ನೆಲಾ ಒರಸಾಕಿ ನಾನು. ಸೋರಿದ್ರ ನನಗ ಗೊತ್ತಾಗಂಗಿಲ್ಲೇನು?"

ಗಂಡ ಮುಕರ್ರಮ್ ಬೆಂಗಳೂರಿನವನು, ಇಂಟರ್ನೆಟ್ಟಿನಲ್ಲಿ ಹಾಸಿಗೆ ಮಾರುವ ಕಂಪನಿಯ ಎಂಜಿನಿಯರು. ಅವನಿಗೇ ಮಲಗಲು ಪುರುಸೊತ್ತಿರಲಿಲ್ಲ. ನನ್ನೆದುರು ಗಂಡ ಹೆಂಡತಿ ಜಗಳವನ್ನೂ ಕನ್ನಡದಲ್ಲೇ ಆಡುತ್ತಿದ್ದರು, ನನಗೆ ಬೇಸರವಾಗಬಾರದೆಂದು.

ಶನಿವಾರ ಅವನು ಲೈಬ್ರರಿಯಿಂದ ಪುಸ್ತಕ ತಂದು ಓದಿ, ಬಾಯ್ಲರಿನ ಪಕ್ಕ ನೇತಾಡುತ್ತಿದ್ದ ಸೋರೆಕಾಯಿಯಂಥ ಡಬ್ಬವನ್ನು ತೋರಿಸಿದ. ನೀರು ಕಾದರೆ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ಜಾಗ ಕೊಡುವುದು ಈ ಟ್ಯಾಂಕು. ನಡುವೆ ರಬ್ಬರಿನ ಪರದೆ. ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ಪರದೆ ಹರಿದರೆ ಗಾಳಿಯ ಜಾಗಕ್ಕೂ ನೀರೇ ನುಗ್ಗುತ್ತದೆ, ಆಮೇಲೆ ಹಿಗ್ಗಿದ ನೀರು ನಲ್ಲಿಯಿಂದಲೇ ಹೊರಬೀಳಬೇಕು. ಹಾಗೆ ಹೋದ ನೀರು ಕಡಿಮೆಬಿದ್ದೇ ತಣಿದಾಗ ಮುಳ್ಳು ಮಲಗುವುದು. ಗಾಳಿ ತುಂಬುವ ಬಾಯಿ ಥೇಟು ಸೈಕಲ್ ಟ್ಯೂಬಿನದು. ಅವನು ಪುಟ ತಿರುಗಿಸುವಷ್ಟರಲ್ಲಿ ತಾಹಿರಾ ಅದರ ಮುಚ್ಚಳ ಬಿಚ್ಚಿ ನಡುವಿನ ಕಡ್ಡಿಯನ್ನು ಉಗುರಿನಿಂದ ಒತ್ತಿದಳು. ಗಾಳಿ ಬರುವಲ್ಲಿ ನೀರು ಚಿಮ್ಮಿ ಅವನ ಕನ್ನಡಕ ತೊಳೆಯಿತು.

ಪರದೆ ಹರಿದದ್ದು ಖಾತ್ರಿಯಾಯಿತು. ಆದರೂ ಅವನಿಗೆ ಅನುಮಾನ. ಹೊಸ ಟ್ಯಾಂಕು ಹಾಕಿದ ಮೇಲೂ ಮುಳ್ಳು ಮಲಗಿದರೆ ಪೈಪೂ ಸೋರುತ್ತಿದೆ ಎಂದೇ ಅರ್ಥ, ನೆಲ ಒಡೆಯಲೇಬೇಕು ಅಂದ.

ಈಗ ಟ್ಯಾಂಕಿನ ಗಾತ್ರದ ಜಗಳ. ಮೊದಲು ಆ ಮನೆಯಲ್ಲಿದ್ದವರು ಕೈಗೆ ಸಿಕ್ಕಿದ್ದನ್ನು ಹಾಕಿಹೋಗಿದ್ದರು, ಅದನ್ನು ನಂಬುವಂತಿಲ್ಲ. ತಾಹಿರಾಳ ಪ್ರಕಾರ ಪಾತ್ರೆ ಕೊಳ್ಳುವಾಗ ದೊಡ್ಡದೇ ಕೊಳ್ಳಬೇಕು, ನಾಳೆ ಬೀಗರು ಬಂದರೂ ಸಾಲಬೇಕು.

"ಬೀಗರು ಬಾಯ್ಲರೊಳಗೆ ಇಳೀತಾರೇನೆ? ಒಟ್ಟು ನೀರೆಷ್ಟಿದೆ ಅಂತ ಗೊತ್ತಾಗ್ಬೇಕು. ಅದಕ್ಕೆ ಪೈಪಿನ ಉದ್ದ ಬೇಕು."

ಪೈಪು ನೆಲದೊಳಗೆ, ಮನೆಯ ನಕ್ಷೆ ಯಾರಲ್ಲೂ ಇಲ್ಲ. ಅಲ್ಲಿ ದಾರಿ ತೋರಿಸಿದ್ದು ನಮ್ಮ ಬರಿಗಾಲು. ಬೆಳಿಗ್ಗೆ ಬಾಯ್ಲರು ಹೊತ್ತಿದಾಗ ನೆಲ ಮೊದಲು ಪಟ್ಟೆಪಟ್ಟೆಯಾಗಿ ಕಾಯುವುದು ನನಗೂ ತಾಹಿರಾಳಿಗೂ ಅಂಗಾಲಿನಲ್ಲೇ ಗೊತ್ತಿತ್ತು. ಅವಳು ತಣ್ಣಗಿದ್ದ ನೆಲವನ್ನೆಲ್ಲ ಒದ್ದೆ ಮಾಡಿ, ನಲ್ಲಿಯ ಕೆಳಗೆ ಬಕೀಟಿಟ್ಟು ಬಾಯ್ಲರು ಹೊತ್ತಿಸಿದಳು. ಪೈಪು ಹೋದಲ್ಲೆಲ್ಲ ನೀರು ಮೊದಲು ಆರಿ ಗೆರೆ ಮೂಡಿತು.

"ಅಕ್ಕಾರ, ಪೂರ್ತಿ ಆರೂದ್ರಾಗ ರಂಗೋಲಿ ಎಳೀರಿ," ಅಂದಳು.

ನಾನು ಅಕ್ಕಿಹಿಟ್ಟು ಹಿಡಿದು ಗೆರೆಯ ಬೆನ್ನು ಹತ್ತಿದೆ. ನಡುಮನೆ, ಅಡಿಗೆಮನೆ, ಮಲಗುವ ಕೋಣೆ, ಎಲ್ಲ ಕಡೆಯೂ ಹಾವು ಮಡಚಿಕೊಂಡ ಹಾಗೆ. ಅಷ್ಟು ದೊಡ್ಡ ರಂಗೋಲಿ ಮದುವೆಮನೆಯಲ್ಲೂ ಎಳೆದವಳಲ್ಲ. ಮುಕರ್ರಮ್ ಟೇಪು ಹಿಡಿದು ಅಂಬೆಗಾಲಿಕ್ಕುತ್ತ ಹಿಂದೆ ಬರುತ್ತಿದ್ದ. ಒಂದು ಮೂಲೆಯಲ್ಲಿ ನಿಂತುಬಿಟ್ಟ.

"ಅಮ್ಮಾ, ಇಲ್ಲಿ ಪೈಪು ಕಮಲದ ಹೂವಿನ ಥರಾ ಹೋಗಿದೆಯಲ್ಲ?"

ಮೂಲೆ ಬೋಳಾಗಿ ಕಂಡಿತ್ತು, ಕೈ ತಾನಾಗಿ ಹೂ ಬರೆದಿತ್ತು. ಅವನು ಅದರ ಎಸಳನ್ನೂ ಅಳೆದಾಗಿತ್ತು. ತಾಹಿರಾ ಗೋಡೆ ಹಿಡಿದು ನಕ್ಕಳು. ಹೂ ಒರೆಸಿ ಮತ್ತೆ ಅಳೆದದ್ದಾಯಿತು.

ಲೆಕ್ಕ ಬಿದ್ದಾಗ ಹಳೆಯದಕ್ಕಿಂತ ದೊಡ್ಡ ಟ್ಯಾಂಕೇ ಬೇಕೆಂದು ಬಂತು. ತಾಹಿರಾ ಗಂಡನ ಮುಂದೆ ಚಹಾ ಇಟ್ಟು ಅವನ ಮುಖವನ್ನೇ ನೋಡುತ್ತ ಕೂತಳು. ಇದು ಫಾರ್ಮುಲಾದಿಂದ ಬಂದದ್ದು, ಬೀಗರಿಂದಲ್ಲ ಎಂದು ಅವನೇ ಹೇಳಿಕೊಳ್ಳಬೇಕಾಯಿತು.

ಭಾನುವಾರ ಕುಂಬಳಕಾಯಿ ಗಾತ್ರದ ಹೊಸ ಟ್ಯಾಂಕು ಬಂತು. ಕೂರಿಸುವ ಮುನ್ನ ತಾಹಿರಾ ಸೈಕಲ್ ಪಂಪಿನಿಂದ ಪುಸ್ತಕ ಹೇಳಿದಷ್ಟು ಗಾಳಿ ಹೊಡೆದಳು. ನೀರು ತುಂಬಿ ಬಾಯ್ಲರು ಹೊತ್ತಿಸಿದಾಗ ಮುಳ್ಳು ಏರಿತು, ಕೆಂಪು ಗೆರೆಗಿಂತ ಎಷ್ಟೋ ಕೆಳಗೆ ನಿಂತಿತು. ನಲ್ಲಿ ಒಂದು ಹನಿ ಉದುರಿಸಲಿಲ್ಲ. ಆಮೇಲೆ ಆರಿಸಿ, ತಣಿಯಲು ಬಿಟ್ಟೆವು. ತಾಹಿರಾ ಸ್ಟೂಲು ಎಳೆದುಕೊಂಡು ಮುಳ್ಳಿನೆದುರು ಕೂತವಳು ಊಟಕ್ಕೂ ಏಳಲಿಲ್ಲ. ಮುಕರ್ರಮ್ ಗಾಜು ತಟ್ಟಲು ಹೋದರೆ ಕೈಮೇಲೆ ಹೊಡೆದಳು. ಮುಳ್ಳು ಮೆಲ್ಲಗೆ ಇಳಿದು, ಮೊದಲು ಹೊರಟಲ್ಲಿಗೇ ಬಂದು ನಿಂತಿತು. ಸಂಜೆಯಾದರೂ ಅಲ್ಲೇ ಇತ್ತು.

ಆಗ ಎದ್ದು ರಿಪೇರಿಯವನಿಗೆ ಫೋನು ಮಾಡಿದಳು. ಆ ಕಡೆ ಆನ್ಸರಿಂಗ್ ಮಶೀನು. ಅದಕ್ಕೇ ಹೇಳಿದಳು: "ಮಂಡೇ ನೋ ಬ್ರೇಕಿಂಗ್. ಫ್ಲೋರ್ ಗುಡ್. ನಿಮ್ಮ ಮಶೀನ್ ಬ್ಯಾಡ್ರೀ. ಚಾ ಕುಡಿಯಾಕ ಬರ್ರಿ."

ಅವನಿಗೆ ಎಷ್ಟು ತಿಳಿಯಿತೋ, ಸೋಮವಾರ ಅವನು ಬರಲಿಲ್ಲ. ಮಕ್ಕಳೆಲ್ಲ ಬಂದವು.