ಸಿಹಿ ಮುಟ್ಟದ ಜಿರಲೆಗಳು

ಆರ್.ಟಿ. ನಗರದ ಹೋಟೆಲೊಂದರ ಅಡುಗೆಮನೆಯಲ್ಲಿ ನಾವು ಹಾಕಿದ ಔಷಧಿಗೆ ಜಿರಲೆಗಳು ಸಾಯುವುದು ನಿಂತಾಗ ನಾನು ಅನುಮಾನಪಟ್ಟಿದ್ದು ನನ್ನ ತಮ್ಮನ ಮೇಲೆ. ಜಿರಲೆಗಳ ಮೇಲೆ ಅನುಮಾನ ಬರಲೇ ಇಲ್ಲ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಹೆಬ್ಬಾಳದ ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಮಾಡುತ್ತಿದ್ದಾಗ ಅಲ್ಲಿಗೆ ಔಷಧಿ ಹೊಡೆಯಲು ಬರುವವರನ್ನು ನೋಡಿ ನೋಡಿ ಕೆಲಸ ಕಲಿತೆ. ಏರ್‌ಪೋರ್ಟ್ ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲಕ್ಕೆ ಬಾಗಲಗುಂಟೆಯ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತವಾಗಿ ಶುರು ಮಾಡಿದೆ. ಫೋನು, ಗಿರಾಕಿ, ಬಿಲ್ಲು ನನ್ನ ಪಾಲು. ಗಾಡಿಯಲ್ಲಿ ಹೋಗಿ ಜೆಲ್ ಹಾಕಿ ಬರುವುದು ತಮ್ಮನ ಪಾಲು.

ಜೆಲ್ ಎಂದರೆ ಸಿಹಿಯಲ್ಲಿ ಕಲಸಿದ ವಿಷ. ಸಿರಿಂಜಿನಂಥ ಟ್ಯೂಬಿನಿಂದ ಗ್ರೈಂಡರಿನ ಹಿಂದೆ, ಕಪಾಟಿನ ಸಂದಿಯಲ್ಲಿ, ಫ್ರಿಜ್ಜಿನ ಮೋಟರಿನ ಪಕ್ಕ ಸಣ್ಣ ಸಣ್ಣ ಚುಕ್ಕೆ ಇಟ್ಟು ಬಂದರೆ ಸಾಕು. ಜಿರಲೆಗಳು ತಾವಾಗಿ ಬಂದು ತಿಂದು ಸಾಯುತ್ತವೆ. ಹೋಟೆಲು ಮುಚ್ಚಬೇಕಿಲ್ಲ, ವಾಸನೆಯಿಲ್ಲ. ಆದರೆ ದುಬಾರಿ. ಅದಕ್ಕೇ ಸಕ್ಕರೆ ಪಾಕ ಬೆರೆಸಿ ಒಂದು ಟ್ಯೂಬನ್ನು ಎರಡು ಮಾಡುವವರು ಈ ಕಸುಬಿನಲ್ಲಿ ಬಹಳ. ಬೆರೆಸುವವರು ಕಡಿಮೆ ರೇಟು ಹೇಳುತ್ತಾರೆ, ಕೆಲಸ ಅವರಿಗೇ ಸಿಗುತ್ತದೆ. ಬೆರೆಸದವರು ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಕೊನೆಗೆ ಗಿರಾಕಿ ನಮ್ಮೆಲ್ಲರನ್ನೂ ಕಳ್ಳರಂತೆಯೇ ನೋಡುತ್ತಾನೆ. ಇಂಥ ಕಡೆ ಉಳಿಯಬೇಕಾದರೆ ಯಾರನ್ನೂ ನಂಬಬಾರದು ಎಂದು ನಾನು ಕಲಿತಿದ್ದೆ. ಹೊಸ ಟ್ಯೂಬಿನ ಸೀಲನ್ನು ಬೆಳಕಿಗೆ ಹಿಡಿದು ನೋಡದೆ ಕೊಂಡವಳಲ್ಲ.

ಒಂದು ಬೆಳಿಗ್ಗೆ ಹೋಟೆಲಿನ ಓನರ್ ಫೋನ್ ಮಾಡಿದರು.

"ಏನಮ್ಮಾ, ಜೆಲ್ ಹಾಕ್ತಿದೀರೋ ಜೋನಿಬೆಲ್ಲ ಹಾಕ್ತಿದೀರೋ? ಇಡ್ಲಿ ತಟ್ಟೆ ಮೇಲೆ ವಾಕಿಂಗ್ ಹೊರಟವೆ ನಿಮ್ ಜಿರಲೆಗಳು."

ತಮ್ಮನನ್ನು ಕೇಳಿದೆ. "ಸರಿಯಾಗಿ ಹಾಕ್ದೇನೋ?"

"ಹಾಕ್ದೆ ಕಣಕ್ಕಾ. ಹಾಕಿದ್ದು ಅಂಗೇ ಒಣಗ್ಕೊಂಡು ಕೂತೈತೆ. ಅವು ಮುಟ್ಟೇ ಇಲ್ಲ. ಬೇಕಾದ್ರೆ ಬಂದು ನೋಡು."

ನಾನು ಹೋಗಿ ನೋಡಲಿಲ್ಲ. ಜಿರಲೆ ಸಿಹಿ ಬಿಡುವುದುಂಟೇ? ಸುಳ್ಳಿಗೂ ಒಂದು ಮಿತಿ ಬೇಡವೇ ಅನಿಸಿತು. ಅಂದಿನಿಂದ ಅವನು ಸ್ನಾನಕ್ಕೆ ಹೋದಾಗ ಅವನ ಬ್ಯಾಗು ತೆಗೆದು ನೋಡತೊಡಗಿದೆ. ಟ್ಯೂಬುಗಳ ತಳಕ್ಕೆ ಉಗುರಿನಿಂದ ಗುರುತು ಹಾಕಿದೆ. ಜೆಲ್ಲನ್ನು ಬೆರಳ ನಡುವೆ ತಿಕ್ಕಿ ಅಂಟು ನೋಡಿದೆ. ಅಡುಗೆಮನೆಯ ಸಕ್ಕರೆ ಡಬ್ಬಿ ಬೇಗ ಖಾಲಿಯಾಗುತ್ತಿದೆಯೇನೋ ಅನಿಸಿತು. ಅವನು ಹೊಸ ಶೂ ಹಾಕಿಕೊಂಡು ಬಂದ ದಿನ ಆ ಶೂಗಳನ್ನೇ ನೋಡುತ್ತಾ ಊಟ ಮಾಡಿದೆ.

ಏನೂ ಸಿಗಲಿಲ್ಲ. ಸಿಗದಿದ್ದರಿಂದ ಅನುಮಾನ ಕಡಿಮೆಯಾಗಬೇಕಿತ್ತು. ಎಷ್ಟು ನಾಜೂಕಾಗಿ ಮಾಡುತ್ತಿದ್ದಾನೆ ಎಂದುಕೊಂಡೆ.

ಓನರ್ ನಮ್ಮಿಬ್ಬರನ್ನೂ ಕರೆಸಿದರು. ಬೇರೆಯವರಿಗೆ ಕೆಲಸ ಕೊಡುವುದಾಗಿ ಹೇಳಿದರು. ನಮ್ಮ ದೊಡ್ಡ ಗಿರಾಕಿ ಅವರೇ. ಗಲ್ಲಾಪೆಟ್ಟಿಗೆಯ ಮುಂದೆ, ಕಾಫಿ ಕುಡಿಯುತ್ತಿದ್ದವರು ಕೇಳುವ ಹಾಗೆ ನಾನು ಅಂದೆ: "ನನ್ನ ತಮ್ಮನೇ ಬೆರೆಸ್ತಿದ್ದ ಸಾರ್. ಇವತ್ತಿಂದ ಅವನು ಬರಲ್ಲ."

ಅವನು ಹೆಲ್ಮೆಟ್ ಕೈಯಲ್ಲಿ ಹಿಡಿದು ಪಕ್ಕದಲ್ಲೇ ನಿಂತಿದ್ದ. ಹೊರಗೆ ಬಂದ ಮೇಲೆ ಒಂದೇ ಮಾತು ಕೇಳಿದ.

"ನೀನ್ ನೋಡ್ದಾ?"

"ನೋಡ್ಬೇಕೇನೋ? ನಂಗೆ ಗೊತ್ತಾಗಲ್ವಾ?"

ಗಾಡಿಯ ಕೀ ನನ್ನ ಕೈಗೆ ಕೊಟ್ಟು ಬಸ್‌ಸ್ಟಾಪಿನ ಕಡೆ ನಡೆದ. ಸ್ವಲ್ಪ ದಿನದಲ್ಲಿ ಚಿಕ್ಕಜಾಲದಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದಾನೆಂದು ತಿಳಿಯಿತು.

ಆಮೇಲೆ ಜೆಲ್ ಹಾಕುವ ಕೆಲಸವನ್ನೂ ನಾನೇ ಮಾಡಬೇಕಾಯಿತು. ಮಧ್ಯಾಹ್ನ ಊಟದ ಗಲಾಟೆ ಮುಗಿದ ಹೊತ್ತಿನಲ್ಲಿ ಆ ಅಡುಗೆಮನೆಗೆ ಹೋಗಿ, ನಾನೇ ಸೀಲ್ ಒಡೆದ ಹೊಸ ಟ್ಯೂಬಿನಿಂದ ಗ್ರೈಂಡರಿನ ಹಿಂದೆ ಚುಕ್ಕೆ ಇಟ್ಟು, ಆ ಸಂದಿಯ ಕತ್ತಲಿಗೆ ಟಾರ್ಚ್ ಹಿಡಿದು ಕೂತೆ. ಕಂದು ಜಿರಲೆಯೊಂದು ಬಂತು. ಮೀಸೆ ಆಡಿಸಿತು. ಚುಕ್ಕೆಗೆ ಬಾಯಿ ತಾಗಿಸಿದ್ದೇ ತಡ, ಬಿಸಿ ಮುಟ್ಟಿದಂತೆ ಹಿಂದಕ್ಕೆ ಜಿಗಿದು ಮುಂಗಾಲಿನಿಂದ ಬಾಯಿ ಒರೆಸಿಕೊಂಡಿತು. ಅಲ್ಲೇ ಒಣಗಿದ್ದ ದೋಸೆ ಹಿಟ್ಟಿನ ಹನಿಗೆ ಹೋಗಿ ನೆಮ್ಮದಿಯಾಗಿ ತಿನ್ನತೊಡಗಿತು. ಮುಂದಿನದೂ ಹಾಗೆಯೇ ಮಾಡಿತು. ಅದರ ಹಿಂದಿನದೂ.

ಆ ಟ್ಯೂಬಿಗೆ ನನ್ನ ಕೈಯೊಂದೇ ತಾಗಿತ್ತು. ಅನುಮಾನ ಪಡಲು ಬೇರೆ ಯಾರೂ ಇರಲಿಲ್ಲ.

ಗಂಗಾನಗರದಲ್ಲಿ ನಮ್ಮ ಗಿರಾಕಿಯೊಬ್ಬರು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದರು. ಅವರ ಮನೆಗೆ ಹೋದಾಗ ಕಂಡದ್ದನ್ನು ಹೇಳಿ ಕೇಳಿದೆ. "ಜಿರಲೆ ಬುದ್ಧಿ ಕಲಿತ್ವಾ ಮೇಡಂ?"

"ಬುದ್ಧಿ ಕಲೀಲಿಲ್ಲಮ್ಮಾ. ಸಿಹಿ ಇಷ್ಟಪಟ್ಟೋವೆಲ್ಲಾ ನಿಮ್ ಜೆಲ್ ತಿಂದು ಸತ್ತವು. ಹುಟ್ಟಿನಿಂದಲೇ ಸಿಹಿ ಆಗ್ದೇ ಇರೋವು ಎಲ್ಲೋ ಒಂದೆರಡು ಇದ್ದವು, ಅವು ಉಳಿದವು. ಈಗ ಅಲ್ಲಿರೋದು ಅವುಗಳ ಮಕ್ಕಳು ಮೊಮ್ಮಕ್ಕಳು. ವಿಕಾಸ ಅನ್ನೋದು ಇದೇ. ಆರಿಸಿ ಉಳಿಸಿದ್ದು ನೀವೇ."

ಮತ್ತೆ ಅಂದರು: "ಆದ್ರೆ ಇವಕ್ಕೂ ನಷ್ಟ ಇದೆ. ವಿಷ ಇಲ್ಲದ ಮನೇಲೂ ಸಿಹಿ ಬಿಟ್ಟು ಹೋಗ್ತವೆ, ಸೊರಗ್ತವೆ."

ಗಾಡಿ ಓಡಿಸುತ್ತಾ ಅದನ್ನೇ ಯೋಚಿಸಿದೆ. ಈ ಕಸುಬಿನಲ್ಲಿ ನಂಬಿದವರು ಮುಳುಗಿದರು, ನಂಬದ ನಾನು ಉಳಿದೆ. ಹೊರಗೆ ನನ್ನನ್ನು ಉಳಿಸಿದ ಆ ಗುಣವನ್ನೇ ಮನೆಯೊಳಗೂ ತಂದುಕೊಂಡಿದ್ದೆ. ಹೀಗೆ ಹೇಳಿಕೊಂಡಾಗ ಸ್ವಲ್ಪ ಹಗುರವಾಯಿತು. ಆಮೇಲೆ ಆ ಹಗುರದ ಮೇಲೂ ಅನುಮಾನ ಬಂತು. ಜಿರಲೆಗೆ ಬೇರೆ ದಾರಿಯಿರಲಿಲ್ಲ. ನನಗೆ ಹೋಗಿ ನೋಡುವ ದಾರಿಯಿತ್ತು. "ಬಂದು ನೋಡು" ಎಂದು ಅವನೇ ಕರೆದಿದ್ದ.

ಇಷ್ಟಕ್ಕೇ ನಿಂತಿದ್ದರೆ ಅದು ತಿಳಿಯದೆ ಆದ ತಪ್ಪು. ತಿಳಿದ ಮೇಲೆ ಮಾಡಿದ್ದು ಬೇರೆ. ಸಿಹಿಯಿಲ್ಲದ ಬೇರೆ ಜೆಲ್ ತರಿಸಿ ಹಾಕಿದೆ. ಜಿರಲೆಗಳು ಸತ್ತವು. ಓನರ್ ಖುಷಿಯಾಗಿ, "ನೋಡಮ್ಮಾ, ಕಳ್ಳನ್ನ ಓಡಿಸಿದ್ ತಕ್ಷಣ ಹೆಂಗ್ ಸರಿಹೋಯ್ತು!" ಅಂದರು. ಬಾಯಿಗೆ ಬಂದ ನಿಜವನ್ನು ನುಂಗಿ, "ಹೌದು ಸಾರ್" ಅಂದೆ. ಕೆಲಸ ಉಳಿಯಿತು. ಅವರು ಇನ್ನೆರಡು ಹೋಟೆಲಿನವರಿಗೂ ನನ್ನ ಹೆಸರು ಹೇಳಿದರು, ತಮ್ಮನ ಕಥೆಯ ಸಮೇತ. ವರ್ಷಗಟ್ಟಲೆ ನಾನು ಆ ಕಥೆಯ ಮೇಲೆ ಊಟ ಮಾಡಿದೆ.

ಕೊನೆಗೊಂದು ಭಾನುವಾರ ಚಿಕ್ಕಜಾಲಕ್ಕೆ ಹೋದೆ. ತಮ್ಮ ಟ್ಯಾಂಕರಿಗೆ ನೀರು ತುಂಬಿಸುತ್ತಾ ಬೋರ್‌ವೆಲ್ ಹತ್ತಿರ ನಿಂತಿದ್ದ. ನನ್ನನ್ನು ಕಂಡು ಪೈಪು ಬಿಡದೆಯೇ ಕೇಳಿದ: "ಏನ್ ಸಮಾಚಾರ? ಕೆಲ್ಸಕ್ಕೆ ಯಾರೂ ಸಿಗ್ಲಿಲ್ವಾ?"

"ಅದಕ್ಕಲ್ಲ ಕಣೋ." ಎಲ್ಲವನ್ನೂ ಹೇಳಿದೆ. ಜಿರಲೆ ಬಾಯಿ ಒರೆಸಿಕೊಂಡಿದ್ದು, ಮೇಡಂ ಹೇಳಿದ್ದು, "ಹೌದು ಸಾರ್" ಅಂದಿದ್ದು, ಅದರಿಂದ ಇನ್ನೆರಡು ಹೋಟೆಲು ಸಿಕ್ಕಿದ್ದು. ಅವನು ಟ್ಯಾಂಕರಿನ ಬಾಯಿಯನ್ನೇ ನೋಡುತ್ತಾ ಕೇಳಿಸಿಕೊಂಡ.

"ಓನರ್‌ಗೆ ಹೇಳ್ದಾ?"

"ಇಲ್ಲ."

"ಮತ್ತೆ ನಂಗ್ಯಾಕೆ ಹೇಳ್ತಿದೀಯಾ? ನಾನ್ ಬೆರೆಸಿಲ್ಲ ಅಂತ ನಂಗೊತ್ತಿಲ್ವಾ?"

ಮರುದಿನ ಗಾಡಿ ಬಿಟ್ಟು ಬಸ್ಸಿನಲ್ಲೇ ಹೋಟೆಲಿಗೆ ಹೋಗಿ, ಅದೇ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಹೇಳಿದೆ. ಓನರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಜಿರಲೆಗೆ ಸಿಹಿ ಸೇರಲ್ವಾ? ಒಳ್ಳೇ ಕಥೆ ಕಟ್ಕೊಂಡ್ ಬಂದಿದೀಯಾ. ತಮ್ಮನ್ನ ವಾಪಸ್ ಸೇರಿಸ್ಕೊಳ್ಳೋ ಪ್ಲಾನಾ? ಆಗ ಸುಳ್ಳು ಹೇಳಿದ್ಯೋ, ಈಗ ಹೇಳ್ತಿದೀಯೋ?" ಮುಂದಿನ ತಿಂಗಳಿನಿಂದ ಬರಬೇಡ ಎಂದರು.

ಬಸ್‌ಸ್ಟಾಪಿನಿಂದಲೇ ತಮ್ಮನಿಗೆ ಫೋನ್ ಮಾಡಿದೆ.

"ಹೇಳ್ದೆ ಕಣೋ."

"ನಂಬಿದ್ರಾ?"

"ಇಲ್ಲ. ಕೆಲ್ಸಾನೂ ಹೋಯ್ತು."

ಹಿಂದೆ ಮೋಟರಿನ ಸದ್ದು ಕೇಳುತ್ತಿತ್ತು. ಅವನು ಅದನ್ನು ಆಫ್ ಮಾಡಿದ.

"ಇನ್ನಿಬ್ರು ಹೋಟ್ಲೋರು ಇದಾರಲ್ಲ, ಅವ್ರಿಗೂ ಹೇಳು," ಅಂದ.

ರಸ್ತೆ ದಾಟಿ ಆ ಹೋಟೆಲುಗಳ ಕಡೆಯ ಬಸ್ ಹಿಡಿದೆ.