ಯಾವುದೋ ನರಕ್ಕೆ ಯಾವುದೋ ನರ

ಅನಗವಾಡಿಯ ಹೊಳೆಪ್ಪನ ಕತ್ತರಿಗೆ ಕುರಿಗಳು ಹೆದರುತ್ತಿರಲಿಲ್ಲ. ಹಿನ್ನೀರಿನ ದಂಡೆಯ ಹಟ್ಟಿಗಳವರೆಲ್ಲ ಉಣ್ಣೆ ಕತ್ತರಿಸಲು ಅವನನ್ನೇ ಕರೆಯುತ್ತಿದ್ದರು. ಮೈಗೆ ಒಂದು ಗೀರೂ ಬೀಳದ ಹಾಗೆ, ಹರಟೆ ಹೊಡೆಯುತ್ತಲೇ ಕುರಿ ಬೋಳಿಸಿಬಿಡುವ ಕೈ ಅದು. ೨೦೧೩ರ ಬೇಸಿಗೆಯಲ್ಲಿ, ಗಾಳಿಗೆ ಹಾರಿದ ತಗಡನ್ನು ಹಿಡಿಯಹೋಗಿ ಬಲಗೈ ಮಣಿಕಟ್ಟು ಕೊಯ್ದುಕೊಂಡ.

ಬೀಳಗಿಯ ಡಾಕ್ಟರ್ ಪರಮಾನಂದ ಹೊಲಿಗೆ ಹಾಕಿ, ಕೈ ತೊಳೆಯುತ್ತಲೇ ಹೇಳಿದ: "ನರ ಹರದಿತ್ತು, ಜೋಡ್ಸೀನಿ. ಆರು ತಿಂಗಳ ತಡಿ, ಎಲ್ಲಾ ಆರಾಮ ಆಗತೈತಿ."

ಹೊಳೆಪ್ಪ ಆರು ತಿಂಗಳೂ ತಡೆದ. ಹೆಬ್ಬೆರಳೂ ಪಕ್ಕದ ಎರಡು ಬೆರಳೂ ಸತ್ತೇ ಇದ್ದವು. ಕತ್ತರಿ ಹಿಡಿದರೆ ಜಾರುತ್ತಿತ್ತು. ಒಂದು ಸಂಜೆ ಒಲೆಯ ಮುಂದೆ ಕೂತಾಗ ಹೆಂಡತಿ ಮಾದೇವಿ, "ಏನ ಸುಡಾಕತ್ತೈತಿ?" ಎಂದು ಸುತ್ತೆಲ್ಲ ಹುಡುಕಿದಳು. ಸುಡುತ್ತಿದ್ದದ್ದು ಗಂಡನ ಬೆರಳು. ತನ್ನದೇ ಚರ್ಮ ಸುಟ್ಟ ಕಮರು ಮೂಗಿಗೆ ಬಡಿದು ಅವನಿಗೆ ಹೇಸಿಕೆಯಾಯಿತು. ಎರಡು ದಿನ ಆ ಕೈಯಲ್ಲಿ ರೊಟ್ಟಿ ಮುರಿಯಲಿಲ್ಲ. ಪರಮಾನಂದ ಮಾತ್ರ ಹೋದಾಗಲೆಲ್ಲ ಕೈ ನೋಡದೆಯೇ ಅದೇ ಗುಳಿಗೆ ಬರೆದು, "ನರ ಕೂಡಾಕ ಟೈಮ್ ಬೇಕಪಾ" ಎನ್ನುತ್ತಿದ್ದ. ಇಂಥವನನ್ನು ಡಾಕ್ಟರ್ ಎಂದು ಬರೆಯಲೂ ನಾಚಿಕೆಯಾಗುತ್ತದೆ.

ಏಳನೇ ತಿಂಗಳಲ್ಲಿ ಮಾದೇವಿ ಅವನನ್ನು ಜಮಖಂಡಿಯ ಸ್ಕ್ಯಾನಿಂಗ್ ಸೆಂಟರಿಗೆ ಎಳೆದೊಯ್ದಳು. ಬಸುರಿಯರ ಸಾಲಿನಲ್ಲಿ ಕಂಬಳಿ ಹೆಗಲಿನ ಗಂಡಸು! ಒಬ್ಬಾಕೆ, "ಎಷ್ಟನೇ ತಿಂಗಳಾಗ ಅದೀಯೋ ಯಣ್ಣಾ?" ಎಂದು ಕೇಳಿಯೇಬಿಟ್ಟಳು.

"ಏಳರಾಗ," ಎಂದ ಹೊಳೆಪ್ಪ ಸಿಟ್ಟಿನಿಂದ. ಹೇಳಿದ್ದು ಖರೆಯೇ.

ಒಳಗೆ ಡಾಕ್ಟರ್ ಪೂನಮ್ ಅಂಟು ಜೆಲ್ ಹಚ್ಚಿ, ಮುಂಗೈ ಮೇಲೆ ಯಂತ್ರದ ಮೂತಿ ಆಡಿಸಿದರು. "ಬೆರಳ ಮಡಚ್ರಿ."

ಮಡಚಿದ. ಪರದೆಯ ಮೇಲೆ ಬಿಳಿ ಹುರಿಯೊಂದು ಸರಿಯಿತು. ಅದರ ಬೆನ್ನಿಗೆ ಇನ್ನೊಂದು, ತುದಿಯಲ್ಲಿ ಗಂಟು ಕಟ್ಟಿದ್ದು, ಜಗ್ಗಿಸಿಕೊಂಡು ಹೋಯಿತು. ಅವರು ಮೂರು ಸಲ ಮಡಚಿಸಿ ನೋಡಿದರು.

"ಮುಂದಿಂದು ಬೆರಳ ಜಗ್ಗೋ ನರ. ಹಿಂದಿಂದು ಮುಟ್ಟಿದ್ದ ತಿಳಿಸೋ ನರ. ಇವೆರಡನ್ನ ಒಂದಕ್ಕೊಂದು ಹೊಲದಾರ. ತಿಳಿಸೋ ನರದ ಇನ್ನೊಂದು ತುದಿ ಕೆಳಗ ಹಂಗ ಬಿದ್ದೈತಿ."

ನಮ್ಮ ಕಡೆ ರಕ್ತ ಹರಿಯುವುದೂ ನರ, ಬೆರಳು ಜಗ್ಗುವುದೂ ನರ, ಮುಟ್ಟಿದ್ದು ತಿಳಿಸುವುದೂ ನರ. ಮಾತಿನಲ್ಲಿ ಒಂದೇ ಆದರೇನು, ಕುರಿ ಕಡಿದು ಕಾಲು ಬಿಡಿಸುವಾಗ ಹೊಳೆಪ್ಪನ ಚೂರಿಗೂ ಅವು ಬೇರೆ ಬೇರೆ ಎಂದು ಗೊತ್ತಿತ್ತು. ಅಷ್ಟು ವರ್ಷ ಓದಿದವನಿಗೆ ಗೊತ್ತಿರಲಿಲ್ಲ.

"ಇನ್ನ ಬಿಚ್ಚಿ ಹೊಲಿಯಾಕ ಬರತೈತೇನ್ರಿ?" ಎಂದು ಕೇಳಿದ ಹೊಳೆಪ್ಪ.

"ಲಗೂನ ಬೆಳಗಾವಿಗೆ ಹೋಗ್ರಿ. ಭಾಳ ತಡಾ ಆಗೈತಿ. ಕತ್ತರಿ ಹಿಡಿಯೋವಷ್ಟು ಬರತೈತಂತ ನಾ ಹೇಳಾಂಗಿಲ್ಲ."

ಬೆಳಗಾವಿಗೆ ಹೊರಡುವ ಮೊದಲು ಗಂಡ ಹೆಂಡತಿ ಬೀಳಗಿಗೆ ಹೋದರು. ಪರಮಾನಂದ ರಿಪೋರ್ಟ್ ಓದಿ ಬೆವರಿದ. ಆಮೇಲೆ ಹಲ್ಲು ಕಿರಿದ. "ನರ ಜೋಡ್ಸೀನಿ ಅಂದಿದ್ದೆ. ಜೋಡ್ಸೀನಿ. ಎಲ್ಲಾ ನರಾನ ಅಲ್ಲೇನು?"

ಆ ಮುಖ ನೋಡಲಾರದೆ ಹೊಳೆಪ್ಪ ಕಿಟಕಿಯ ಕಡೆ ತಿರುಗಿದ. ಹಿಂದೆ ದನಿ ಇಳಿಸಿಕೊಂಡು ಪರಮಾನಂದ ಗೋಗರೆಯುತ್ತಲೇ ಇದ್ದ: ಹೊರಗ ಹೇಳಬ್ಯಾಡ, ನೀ ನನ್ನ ತಮ್ಮ ಇದ್ದಂಗ.

"ಥೂ!" ಎಂದಳು ಮಾದೇವಿ.

ಹೊಳೆಪ್ಪ ತಿರುಗಿ ನೋಡಿದ. ಪರಮಾನಂದ ಅವನ ಸತ್ತ ಬೆರಳುಗಳನ್ನು ಹಿಡಿದುಕೊಂಡು ಮೆಲ್ಲಗೆ ಸವರುತ್ತಿದ್ದ, ಎಷ್ಟು ಹೊತ್ತಿನಿಂದಲೋ.

"ಬಿಡ್ರಿ," ಎಂದ ಹೊಳೆಪ್ಪ. "ನೀವು ಹಿಡದದ್ದು, ಕಣ್ಣಿಗೆ ಕಂಡಿದ್ದಕ್ಕ ಗೊತ್ತಾತು."